ಚಕ್ರವರ್ತಿ ಬದಲಾದ ದಿನದ ಮದುವೆ ಅರ್ಜಿ

ಮೊನ್ನೆ ಮಗಳ ಶಾಲೆಯಿಂದ ಒಂದು ಅರ್ಜಿ ಬಂದಿತ್ತು. ಮಗುವಿಗೆ ಯಾವ ಪದಾರ್ಥ ಒಗ್ಗುವುದಿಲ್ಲ, ಭೂಕಂಪವಾದರೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ಮನೆಯಿಂದ ಶಾಲೆಗೆ ಯಾವ ದಾರಿ ಎಂದೆಲ್ಲ ಕೇಳಿ, ಕೊನೆಗೆ ತಂದೆತಾಯಿಯ ಹುಟ್ಟಿದ ವರ್ಷ ಕೇಳಿದ್ದರು. ಜಪಾನಿನಲ್ಲಿ ಇದೊಂದು ಸಣ್ಣ ಪರೀಕ್ಷೆ. ಇಸವಿ ಬರೆದರೆ ಸಾಲದು, ಯಾವ ಚಕ್ರವರ್ತಿಯ ಕಾಲದ ಎಷ್ಟನೇ ವರ್ಷ ಎಂದು ಹೇಳಬೇಕು. ಶೋವಾ, ಹೇಸೇ, ರೇವಾ ಎಂದು ಮೂರು ಯುಗಗಳ ಹೆಸರು ಅಚ್ಚಾಗಿರುತ್ತವೆ, ನಮ್ಮದಕ್ಕೆ ಸುತ್ತು ಹಾಕಬೇಕು. ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ನನಗೂ ಟೋಕಿಯೋದ ಅರಮನೆಗೂ ಯಾವ ನಂಟೂ ಇಲ್ಲ. ಆದರೂ ಇಲ್ಲಿಯ ಲೆಕ್ಕದಲ್ಲಿ ನಾನು ಶೋವಾದವಳು. ಯೋಕೋಹಾಮಾಕ್ಕೆ ಬಂದು ಇಷ್ಟು ವರ್ಷವಾದರೂ ಪ್ರತಿ ಸಲ ಬೆರಳು ಮಡಿಸಿ ಎಣಿಸಿಯೇ ಬರೆಯುತ್ತೇನೆ.

ರೇವಾದಲ್ಲಿ ಹುಟ್ಟಿದ ನನ್ನ ಮಗಳು ಅರ್ಜಿಯ ಮೇಲೆ ಬಗ್ಗಿ ನೋಡಿದಳು.

"ಅಮ್ಮಾ, ಯು ಆರ್ ಶೋವಾ?"

"ಹೂಂ. ಏನೀಗ?"

"ಶೋವಾದಲ್ಲಿ ಕಲರ್ ಇತ್ತಾ?"

ಅವಳ ಪುಸ್ತಕಗಳಲ್ಲಿ ಶೋವಾ ಕಾಲದ ಚಿತ್ರಗಳೆಲ್ಲ ಕಪ್ಪುಬಿಳುಪು. ಅಮ್ಮನೂ ಹಾಗೇ ಹುಟ್ಟಿ ಆಮೇಲೆ ಬಣ್ಣ ಹಚ್ಚಿಸಿಕೊಂಡವಳು ಎಂದು ಅವಳ ಅಂದಾಜು. ಅಷ್ಟರಲ್ಲಿ ನನ್ನ ಮನಸ್ಸು ಬೇರೊಂದು ಅರ್ಜಿಯ ಬಳಿಗೆ ಹೋಗಿಬಿಟ್ಟಿತ್ತು. ಚಕ್ರವರ್ತಿ ಬದಲಾದ ದಿನ ನಾನು ನನ್ನ ಕೈಯಾರೆ ಕೆಡಿಸಿಟ್ಟ ಅರ್ಜಿ ಅದು. ನನ್ನದಲ್ಲ, ಇನ್ನೊಬ್ಬರದು. ಅದೂ ಮದುವೆಯದು.

ಆ ದಿನ ನಿಮಗೂ ನೆನಪಿರಬಹುದು, ಟಿವಿಯಲ್ಲಿ ತೋರಿಸಿದ್ದರು. ಹಳೆಯ ಚಕ್ರವರ್ತಿ ವಯಸ್ಸಾಯಿತೆಂದು ತಾವಾಗಿಯೇ ಇಳಿದರು, ಮಾರನೆಯ ದಿನ ಮಗ ಏರಿದರು. ಹಿಂದಿನ ಸಲ ಯುಗ ಬದಲಾದದ್ದು ಒಬ್ಬರ ಸಾವಿನಿಂದ. ಆಗ ಊರೆಲ್ಲ ಸಪ್ಪೆಯಾಗಿತ್ತಂತೆ, ಹಬ್ಬಗಳು ನಿಂತವಂತೆ, ಮದುವೆಗಳನ್ನು ಮುಂದಕ್ಕೆ ಹಾಕಿದರಂತೆ. ಈ ಸಲ ಯಾರೂ ಸತ್ತಿರಲಿಲ್ಲ. ಹೀಗಾಗಿ ಜನಕ್ಕೆ ಹೊಸ ವರ್ಷವೇ ಎರಡನೆಯ ಸಲ ಬಂದ ಹಾಗಾಯಿತು. ಹತ್ತು ದಿನ ಸಾಲು ರಜೆ. ಕೊಂಬಿನಿಗೆ, ಅಂದರೆ ಬೀದಿಮೂಲೆಯ ಅಂಗಡಿಗೆ, ಹಾಲು ತರಲು ಹೋದರೆ ಅಲ್ಲಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ಹೊಸ ಯುಗದ ಹೆಸರು, ರೇವಾ.

ದೊರೆ ಬದಲಾಗುವುದೆಂದರೆ ಕಥೆಗಳಿಗೆ ಸುಗ್ಗಿ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಾನು ಮೈಸೂರಿನವಳು. ನಮ್ಮ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಅಲ್ಲಿ ಮಹಾರಾಜರ ಪಟ್ಟಾಭಿಷೇಕವಾಯಿತು. ಶಾಲೆಯ ಮಕ್ಕಳಿಗೆಲ್ಲ ಮಹಾರಾಜರು ತಮ್ಮ ಕೈಯಾರೆ ಚಿನ್ನದ ಪದಕ ಕೊಟ್ಟರು ಎಂದು ಅಜ್ಜಿ ಹೇಳುತ್ತಿದ್ದರು. ಪದಕ ಅವರ ಟ್ರಂಕಿನಲ್ಲಿತ್ತು. ಅದು ಹಿತ್ತಾಳೆಯದು. ಕೊಟ್ಟವರು ಶಾಲೆಯ ಹೆಡ್ ಮಾಸ್ತರು. ಅಜ್ಜಿ ಪ್ರತಿ ದಸರಾಕ್ಕೂ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ, ನಾನು ನೋಡುವ ಹೊತ್ತಿಗೆ ಅದರ ಮೇಲಿದ್ದ ಮಹಾರಾಜರ ಮುಖ ಪೂರ್ತಿ ಸವೆದುಹೋಗಿತ್ತು. "ಇದರಲ್ಲಿ ಯಾರೂ ಇಲ್ವಲ್ಲ ಅಜ್ಜಿ" ಎಂದರೆ, "ಒಳಗೆ ಹೋಗಿದಾರೆ ಕಣೆ, ದರ್ಬಾರು ಮುಗೀತಲ್ಲ" ಎನ್ನುತ್ತಿದ್ದರು. ಅರಮನೆಯ ಸಿಂಹಾಸನ ಪಾಂಡವರು ಕೂತಿದ್ದದ್ದು ಎಂಬುದನ್ನಂತೂ ಅಜ್ಜಿ ಪಾಂಡವರ ಪಕ್ಕದ ಮನೆಯಲ್ಲಿದ್ದವರ ಹಾಗೆ ಹೇಳುತ್ತಿದ್ದರು.

ಹಾಗಾಗಿ ಜಪಾನಿನ ಕಥೆಗಳು ನನಗೆ ಹೊಸದೆನಿಸಲಿಲ್ಲ. ಸೂರ್ಯದೇವಿಯ ವಂಶ, ಎಂಟು ತಲೆಯ ಹಾವಿನ ಬಾಲದಲ್ಲಿ ಸಿಕ್ಕಿದ ಕತ್ತಿ, ಒಂದು ಮಣಿ, ಒಂದು ಕನ್ನಡಿ. ಪಟ್ಟ ಏರುವಾಗ ಕತ್ತಿಯನ್ನೂ ಮಣಿಯನ್ನೂ ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಸುತ್ತಿ ತಂದು ಎದುರಿಗಿಡುತ್ತಾರೆ. ಒಳಗೇನಿದೆಯೆಂದು ಸ್ವತಃ ಚಕ್ರವರ್ತಿಯೂ ತೆರೆದು ನೋಡುವಂತಿಲ್ಲವಂತೆ. ಅದೇ ವರ್ಷ ಅಕ್ಟೋಬರಿನಲ್ಲಿ ದೊಡ್ಡ ಸಮಾರಂಭ ನಡೆದ ದಿನ ಬೆಳಗ್ಗೆಯಿಂದ ಸುರಿಯುತ್ತಿದ್ದ ಮಳೆ ನಿಂತು ಟೋಕಿಯೋದ ಮೇಲೆ ಕಾಮನಬಿಲ್ಲು ಕಟ್ಟಿತು. ಮಳೆ ತಂದದ್ದೂ ಆ ಕತ್ತಿಯೇ, ನಿಲ್ಲಿಸಿದ್ದೂ ಅದೇ ಎಂದು ನಮ್ಮ ಬೀದಿಯ ತರಕಾರಿ ಅಂಗಡಿಯಾಕೆ ಒಂದು ವಾರ ಹೇಳಿದರು. ನಾನು ತಲೆಯಾಡಿಸಿದೆ. ನಮ್ಮಜ್ಜಿಯ ಮೊಮ್ಮಗಳಾಗಿ ಕಾಮನಬಿಲ್ಲಿಗೆ ಅಡ್ಡ ಮಾತಾಡುವುದು ನನ್ನಿಂದಾಗದು.

ನಮ್ಮ ಮನೆಯವರು ರಘು. ಅವರ ಪಾಲಿಗೆ ಬಂದ ಕಥೆ ಬೇರೆ. ಯುಗದ ಹೆಸರು ಬದಲಾದ ಕ್ಷಣ ದೇಶದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂಬ ಭಯ ಹಬ್ಬಿತ್ತು. ಅದಕ್ಕಾಗಿಯೇ ಬೆಂಗಳೂರಿನಿಂದ ಬಂದ ಅವರಂಥವರನ್ನೆಲ್ಲ ರಜೆಯಲ್ಲೂ ಆಫೀಸಿನಲ್ಲಿ ಕೂರಿಸಿದರು. ಏಪ್ರಿಲ್ ಮೂವತ್ತರ ಸಂಜೆ ಹೋಗಿ ಮೇ ಎರಡರ ಬೆಳಗ್ಗೆ ಬರುವುದು, ಅಲ್ಲಿಯವರೆಗೆ ಫೋನು ಬೀಗ ಹಾಕಿದ ಡಬ್ಬದಲ್ಲಿ. ಪ್ರಳಯಕ್ಕೆ ಕಾವಲು ಹೋದವರು ಎರಡು ದಿನ ಪಲ್ಯ ತುಂಬಿದ ಬ್ರೆಡ್ ತಿಂದು, ಒಂದು ವರದಿಯ ತಲೆಬರಹದಲ್ಲಿ ಎರಡಕ್ಷರ ಸರಿಮಾಡಿ ವಾಪಸು ಬಂದರು. ಅವರು ಹೇಳುವಾಗ ಮಾತ್ರ ದೇಶವನ್ನೇ ಉಳಿಸಿದ ಗತ್ತಿರುತ್ತದೆ. ಇರಲಿ, ಆ ಫೋನಿನ ಡಬ್ಬ ನನ್ನನ್ನು ಹೇಗೆ ಕಾಡಿತು ಎಂಬುದಕ್ಕೆ ಬರುತ್ತೇನೆ.

ಮೊದಲು ಓಕುಬೋ-ಸಾನ್ ಬಗ್ಗೆ ಹೇಳಬೇಕು, ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಅವರು ನಮ್ಮ ಮನೆಯ ಓನರ್. ಕೆಳಗೆ ಅವರು, ಮೇಲೆ ನಾವು. ಆಗ ಅವರಿಗೆ ಎಪ್ಪತ್ತನಾಲ್ಕು. ಗಂಡ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು, ಒಬ್ಬ ಮಗ ಒಸಾಕಾದಲ್ಲಿ. ಸಣ್ಣ ಆಳು, ನಡೆದರೆ ಸದ್ದಾಗುತ್ತಿರಲಿಲ್ಲ, ಆದರೆ ನಾನು ಕಸವನ್ನು ತಪ್ಪು ದಿನ ಹೊರಗಿಟ್ಟರೆ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತಿದ್ದರು. ನನ್ನ ಜಪಾನೀಸ್ ಆಗ 'ಸುಮಿಮಾಸೆನ್', ಅಂದರೆ ಕ್ಷಮಿಸಿ, ಎಂಬ ಒಂದೇ ಪದದ ಮೇಲೆ ನಿಂತಿತ್ತು. ಅವರು ಅದೆಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರೆಂದರೆ ಈಗ ನೆನೆದರೆ ಅವರ ಮಾತೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಅವರ ಮನೆಯಲ್ಲಿ ಒಂದು ಪಿಯಾನೋ ಇತ್ತು. ಗಂಡ ಹೋದ ಮೇಲೆ ಮುಚ್ಚಿದ್ದು. ಯಾವುದೋ ವರ್ಷ ಏನನ್ನಿಸಿತೋ, ಶ್ರುತಿ ಮಾಡಿಸಲು ನಿಶಿದಾ-ಸಾನ್ ಎಂಬುವರನ್ನು ಕರೆಸಿದರು. ಉದ್ದನೆಯ, ತುಸು ಬಾಗಿದ ಮನುಷ್ಯ, ಕೆಲಸದಿಂದ ನಿವೃತ್ತರಾದವರು, ಮದುವೆಯನ್ನೇ ಆಗದವರು. ಅವರು ಕೆಳಗೆ ತಂತಿ ಬಿಗಿಯುತ್ತಿದ್ದಾಗ ಮೇಲೆ ನನ್ನ ಕುಕ್ಕರ್ ಕೂಗಿತು. ಅವರು ಕೈ ನಿಲ್ಲಿಸಿ, ಆ ಸೀಟಿ ಯಾವ ಸ್ವರವೆಂದೂ, ಅದು ಎಷ್ಟು ಇಳಿದಿದೆಯೆಂದೂ ಹೇಳಿದರಂತೆ. ಓಕುಬೋ-ಸಾನ್ ನಂಬದೆ ಅವರನ್ನು ಮೇಲಕ್ಕೆ ಕರೆದುಕೊಂಡು ಬಂದರು. ನಾನು ತೊಗರಿಬೇಳೆಯನ್ನು ಇನ್ನೊಂದು ಸಲ ಕೂಗಿಸಿದೆ. ಆ ದಿನ ಹುಳಿಯಲ್ಲಿ ಬೇಳೆ ಕಾಣಲೇ ಇಲ್ಲ, ಅಷ್ಟು ಬೆಂದಿತ್ತು.

ಆಮೇಲೆ ಪಿಯಾನೋ ತಿಂಗಳಿಗೊಮ್ಮೆ ಶ್ರುತಿ ತಪ್ಪತೊಡಗಿತು. ಆಮೇಲೆ ವಾರಕ್ಕೊಮ್ಮೆ. ನಾನು ಏನೂ ಕೇಳಲಿಲ್ಲ, ನಿಶಿದಾ-ಸಾನ್ ಬಂದ ದಿನ ಒಂದು ಬಟ್ಟಲು ಹುಳಿ ಕೆಳಗೆ ಕಳಿಸುತ್ತಿದ್ದೆ. ಈ ಸಂಬಂಧ ಕುದುರಿಸಿದವಳು ನಾನೇ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ. ರಘು, "ನೀನಲ್ಲ, ಕುಕ್ಕರ್ ಗ್ಯಾಸ್ಕೆಟ್ಟು" ಎನ್ನುತ್ತಾರೆ.

ಏಪ್ರಿಲ್ ಮೂವತ್ತರ ಮಧ್ಯಾಹ್ನ ನಾಲ್ಕು ಗಂಟೆಗೆ ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಓಕುಬೋ-ಸಾನ್ ಕೈಯಲ್ಲಿ ಒಂದು ದೊಡ್ಡ ಕಾಗದ. ಮದುವೆಯ ಅರ್ಜಿ. ಇಲ್ಲಿ ಮದುವೆಯೆಂದರೆ ಅದೇ. ಮಂಟಪ, ಊಟ, ಉಡುಗೊರೆ ಎಲ್ಲ ಅವರವರ ಖುಷಿ. ಕಾನೂನಿಗೆ ಬೇಕಾದದ್ದು ವಾರ್ಡ್ ಕಚೇರಿಗೆ ಕೊಡುವ ಆ ಒಂದು ಹಾಳೆ, ಗಂಡುಹೆಣ್ಣು ಸಹಿಯ ಹಾಗೆ ಒತ್ತುವ ತಂತಮ್ಮ ಹೆಸರಿನ ಮುದ್ರೆ, ಇಬ್ಬರು ಸಾಕ್ಷಿಗಳ ಸಹಿ. ಹೊಸ ಯುಗದ ಮೊದಲ ದಿನವೇ ಮದುವೆಯಾಗಬೇಕೆಂದು ಸಾವಿರಾರು ಜೋಡಿಗಳು ಕಾದಿದ್ದವು, ಕಚೇರಿಗಳು ಅದಕ್ಕೆಂದೇ ರಜೆಯಲ್ಲೂ ಬಾಗಿಲು ತೆರೆಯುವುದಿತ್ತು.

"ಸಾಕ್ಷಿ ಹಾಕಬೇಕು" ಎಂದರು ಓಕುಬೋ-ಸಾನ್. "ವಿದೇಶದವರೂ ಹಾಕಬಹುದು, ವಿಚಾರಿಸಿಕೊಂಡು ಬಂದಿದ್ದೀನಿ."

"ನಿಮ್ಮ ಮಗ..." ಎಂದು ಬಾಯಿಬಿಟ್ಟವಳು ನಾನು. ಆ ಮಗ, ಈ ವಯಸ್ಸಿನಲ್ಲಿ ಕಾಗದ ಯಾಕೆ, ಸುಮ್ಮನೆ ಇದ್ದ ಹಾಗೇ ಇರಿ ಎಂದಿದ್ದನಂತೆ. ಅಷ್ಟು ಹೇಳಿ ಅವರು ಪೆನ್ನು ಮುಂದಕ್ಕೆ ಚಾಚಿದರು.

ರಘು ಒಂದು ಕೈಯಲ್ಲಿ ಶೂ ಲೇಸ್ ಹಿಡಿದುಕೊಂಡೇ ಸಹಿ ಹಾಕಿದರು. ನಾನೂ ಹಾಕಿದೆ. ಒಂದು ಚೌಕ ಮಾತ್ರ ಖಾಲಿ ಉಳಿದಿತ್ತು. ಮದುವೆಯ ನಂತರ ಯಾರ ಮನೆತನದ ಹೆಸರು ಎಂಬುದು. ಇಲ್ಲಿ ಗಂಡಹೆಂಡತಿ ಒಂದೇ ಹೆಸರಿಟ್ಟುಕೊಳ್ಳಬೇಕು, ಸಾಮಾನ್ಯವಾಗಿ ಗಂಡನದೇ ಆಗುತ್ತದೆ. ನಿಶಿದಾ-ಸಾನ್ ನಿಮ್ಮದೇ ಇರಲಿ ಎಂದರು. ಓಕುಬೋ-ಸಾನ್ ಒಪ್ಪಲಿಲ್ಲ. "ಹಾಗೆ ಬಿಟ್ಟುಕೊಡೋದು ಬೇಡ. ಆಡೋಣ" ಎಂದರು. ನಮ್ಮ ಅಡಿಗೆಮನೆಯ ಮೇಜಿನ ಆಚೆಈಚೆ ನಿಂತು ಇಬ್ಬರೂ ಮಕ್ಕಳ ಹಾಗೆ ಮುಷ್ಟಿ ಬೀಸಿ ಕಲ್ಲು, ಕತ್ತರಿ, ಕಾಗದ ಆಡಿದರು. ಎರಡು ಸಲ ಸಮ. ಮೂರನೆಯ ಸಲ ಅವರ ಕತ್ತರಿಗೆ ನಿಶಿದಾ-ಸಾನ್ ಕಲ್ಲು ಬಂತು. ಓಕುಬೋ-ಸಾನ್ ಸೋತರು. ಸೋತು ಎಷ್ಟು ಗೆಲುವಾದರೆಂದರೆ, ಗೆದ್ದಿದ್ದ ನಿಶಿದಾ-ಸಾನ್ ತಬ್ಬಿಬ್ಬಾದರು. ನಿಶಿದಾ ಎಂಬ ಹೆಸರಿನ ಚೌಕಕ್ಕೆ ಓಕುಬೋ-ಸಾನ್ ತಾವೇ ಗುರುತು ಹಾಕಿದರು. ಆಮೇಲೆ ತಮ್ಮ ಮುದ್ರೆಯನ್ನು ತೆಗೆದು, ಬಾಯಿಂದ ಹಾ ಎಂದು ಉಸಿರು ಬಿಟ್ಟು, ಕೆಂಪು ಶಾಯಿಗೆ ಒತ್ತಿ, ಅರ್ಜಿಯ ಮೇಲೆ ಒತ್ತಿದರು. ಮುದ್ರೆ ಒಂದು ಪಕ್ಕ ತಿಳಿಯಾಗಿ ಬಿತ್ತು. ಒಂದು ಗಳಿಗೆ ಅದನ್ನೇ ನೋಡುತ್ತಿದ್ದರು.

ಹೊರಡುವಾಗ ಅರ್ಜಿಯನ್ನು ನನ್ನ ಕೈಗೇ ಕೊಟ್ಟರು. "ನಾಳೆವರೆಗೆ ನಿಮ್ಮ ಹತ್ತಿರ ಇರಲಿ, ಸುಧಾ-ಸಾನ್. ಕೆಳಗೆ ಅವರಿದ್ದಾರೆ." ಅವರು ಎಂದರೆ ತೀರಿಕೊಂಡ ಗಂಡ. ನಡುಮನೆಯಲ್ಲಿ ಅವರ ಫೋಟೋ ಇಟ್ಟ ಪೂಜೆಯ ಕಪಾಟಿತ್ತು, ದಿನಾ ಅದರೆದುರು ಅನ್ನ ಇಟ್ಟು ಮಾತಾಡುತ್ತಿದ್ದರು. ಮರುಮದುವೆಯ ವಿಷಯ ಹೇಳಿದ್ದಾಗಿದೆ, ಅವರೇನೂ ಬೇಡವೆನ್ನಲಿಲ್ಲ, ಆದರೆ ಕಾಗದವನ್ನೇ ಅವರೆದುರು ಇಡುವುದಕ್ಕೆ ಸಂಕೋಚ ಎಂದರು. ನನಗೆ ಅದು ಸರಿಯಾಗಿ ಅರ್ಥವಾಯಿತು. ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಅರ್ಜಿಯನ್ನು ತೆಗೆದುಕೊಂಡು ಹೋಗಿ ನಮ್ಮ ದೇವರ ಮುಂದಿಟ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬೆಳಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ರೇಷ್ಮೆ ಸೀರೆ ಉಟ್ಟೆ. ಸಾಕ್ಷಿಯೆಂದರೆ ಹೆಚ್ಚುಕಡಿಮೆ ಹೆಣ್ಣಿನ ಕಡೆಯವಳು ತಾನೆ. ದೇವರ ಮುಂದೆ ಮದುವೆಯ ಕಾಗದ ಕಾಣಿಸಿತು. ನನ್ನ ಕೈಯಲ್ಲಿ ಅರಿಶಿನ ಕಲಸಿದ ಬಟ್ಟಲಿತ್ತು. ಮದುವೆ ಕಾಗದದ ಮೂಲೆಗಳು ಬರಿದಾಗಿರುವುದನ್ನು ನಮ್ಮ ಮನೆಯ ಹೆಂಗಸರು ಯಾರೂ ನೋಡಿ ಸುಮ್ಮನಿದ್ದವರಲ್ಲ. ತಲೆ ಏನು ಎತ್ತ ಎಂದು ಯೋಚಿಸುವ ಮೊದಲೇ ಬೆರಳು ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟಾಗಿತ್ತು. ನೋಡಲು ಬಹಳ ಲಕ್ಷಣವಾಗಿತ್ತು. ಅಷ್ಟರಲ್ಲಿ ಕೆಳಗಿನಿಂದ ಕರೆ ಬಂತು. ಲಗುಬಗೆಯಲ್ಲಿ ಹಾಳೆಯನ್ನು ಅಡ್ಡಾದಿಡ್ಡಿ ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಇಳಿದೆ.

ವಾರ್ಡ್ ಕಚೇರಿಯಲ್ಲಿ ಸಾಲು ಬಾಗಿಲಿನವರೆಗೂ ಬಂದಿತ್ತು. ಎಲ್ಲ ಇಪ್ಪತ್ತು ಮೂವತ್ತರ ಜೋಡಿಗಳು. ಫೋಟೋ ತೆಗೆಸಿಕೊಳ್ಳಲು ಒಂದು ಬಂಗಾರದ ಬಣ್ಣದ ಪರದೆ ನಿಲ್ಲಿಸಿದ್ದರು. ಓಕುಬೋ-ಸಾನ್ ತಿಳಿನೇರಳೆ ಕಿಮೋನೋ ಉಟ್ಟಿದ್ದರು. ನಿಶಿದಾ-ಸಾನ್ ಹಾಕಿದ್ದ ಸೂಟು ಅವರು ಈಗಿನದಕ್ಕಿಂತ ದಪ್ಪಗಿದ್ದಾಗ ಹೊಲಿಸಿದ್ದು. ನಮ್ಮ ಸರದಿ ಬಂದಾಗ ಹತ್ತು ಗಂಟೆ ದಾಟಿತ್ತು. ಕನ್ನಡಕ ಹಾಕಿದ ಯುವ ಗುಮಾಸ್ತ ಎರಡು ಕೈಯಲ್ಲೂ ಅರ್ಜಿಯನ್ನು ತೆಗೆದುಕೊಂಡು, ಬಗ್ಗಿ ನಮಸ್ಕರಿಸಿ, ಬಿಡಿಸಿದ. ಅವನ ಮುಖದ ಮೇಲಿನ ನಗು ಅಲ್ಲೇ ನಿಂತಿತು.

ಮಡಿಸಿದ್ದಾಗ ಒದ್ದೆ ಅರಿಶಿನ ಕುಂಕುಮ ಎದುರು ಬದಿಗೆಲ್ಲ ಅಂಟಿಕೊಂಡಿತ್ತು. ನಾಲ್ಕಿದ್ದದ್ದು ಎಂಟಾಗಿತ್ತು. ಒಂದು ಕೆಂಪು ಬೊಟ್ಟು ಹೋಗಿ ಸರಿಯಾಗಿ ಓಕುಬೋ-ಸಾನ್ ಮುದ್ರೆಯ ಮೇಲೆ ಕೂತು, ಕೆಂಪಿನಲ್ಲಿ ಕೆಂಪು ಕಲೆತು, ಮುದ್ರೆಯಲ್ಲಿ ಹೆಸರೇ ಇರಲಿಲ್ಲ.

ಗುಮಾಸ್ತ ಹಾಳೆಯನ್ನು ಮೂಗಿನ ಹತ್ತಿರ ತಂದ. "ಕ್ಷಮಿಸಬೇಕು, ಇದು ಉಕೋನ್?"

ಉಕೋನ್ ಎಂದರೆ ಅರಿಶಿನ. ಆದರೆ ಇಲ್ಲಿ ಅದು ಕೊಂಬಿನಿಯಲ್ಲಿ ಸಣ್ಣ ಬಾಟಲಿಗಳಲ್ಲಿ ಸಿಗುತ್ತದೆ, ಕುಡಿಯಲು ಕೂರುವವರು ಮಾರನೆಯ ದಿನ ತಲೆ ಹಿಡಿಯದಿರಲೆಂದು ಮೊದಲೇ ಕುಡಿದುಕೊಳ್ಳುತ್ತಾರೆ. ಹುಡುಗ ಒಮ್ಮೆ ಅರ್ಜಿ ನೋಡಿದ, ಒಮ್ಮೆ ಎಪ್ಪತ್ತು ದಾಟಿದ ಮದುಮಕ್ಕಳನ್ನು ನೋಡಿದ. ರಾತ್ರಿಯೆಲ್ಲ ಇವರು ಹೊಸ ಯುಗವನ್ನು ಹೇಗೆ ಸ್ವಾಗತಿಸಿರಬಹುದು ಎಂದು ಅವನ ಕಣ್ಣಲ್ಲೇ ಕಂಡಿತು.

"ಸುಮಿಮಾಸೆನ್" ಎಂದೆ. "ನಾನು. ನಾನೇ. ದೇವರು. ಮದುವೆ. ಒಳ್ಳೆಯದು." ನನಗೆ ಬಂದಷ್ಟು ಜಪಾನೀಸ್ ಅದೇ. ಆಮೇಲೆ ಇನ್ನೂ ನಾಲ್ಕು ಸಲ ಸುಮಿಮಾಸೆನ್.

ಹುಡುಗ ಬಹಳ ಮರ್ಯಾದೆಯಿಂದ ವಿವರಿಸಿದ. ಮುದ್ರೆ ಓದಲು ಬರುತ್ತಿಲ್ಲ, ಹೊಸ ಹಾಳೆಯಲ್ಲಿ ಬರೆದುಕೊಡುವುದು ಉತ್ತಮ, ಸಾಕ್ಷಿಗಳಿಬ್ಬರೂ ಮತ್ತೆ ಸಹಿ ಹಾಕಬೇಕು. ಎರಡನೆಯ ಸಾಕ್ಷಿ ಟೋಕಿಯೋದಲ್ಲಿ ಕಂಪ್ಯೂಟರ್ ಕಾಯುತ್ತ ಕೂತಿದ್ದಾರೆ, ನಾಳೆ ಬೆಳಗ್ಗೆಯವರೆಗೆ ಬರುವುದಿಲ್ಲ. ಫೋನ್ ಮಾಡಿದೆ. ಆ ಡಬ್ಬದೊಳಗೆ ಅದು ಬಡಿದುಕೊಂಡಿರಬೇಕು, ಯಾರೂ ಎತ್ತಲಿಲ್ಲ. ಬೇರೆ ಯಾರಾದರೂ ಸಾಕ್ಷಿ ಹಾಕಬಹುದಲ್ಲ ಎಂದು ಸಾಲಿನ ಹುಡುಗರತ್ತ ಕೈ ತೋರಿಸಿದೆ. ಓಕುಬೋ-ಸಾನ್ ತಲೆಯಲ್ಲಾಡಿಸಿದರು. ಗುಮಾಸ್ತ ಮೇಲಿನವರನ್ನು ಕೇಳಿಬರುತ್ತೇನೆಂದು ಅರ್ಜಿ ಹಿಡಿದು ಒಳಗೆ ಹೋದ. ನಾವು ಮೂವರೂ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆವು. ನನಗೆ ಅಳು ಬಂದುಬಿಟ್ಟಿತ್ತು. ರೇಷ್ಮೆ ಸೀರೆ ಉಟ್ಟು, ಒಬ್ಬ ಮುದುಕಿಯ ಮದುವೆ ಕೆಡಿಸಿದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

"ನಾಳೆಯೂ ರೇವಾನೇ" ಎಂದರು ನಿಶಿದಾ-ಸಾನ್ ಮೆಲ್ಲಗೆ.

ಎದುರಿಗೆ ಎತ್ತರದಲ್ಲಿ ಒಂದು ಟಿವಿ. ಸರಿಯಾಗಿ ಆಗಲೇ ಅರಮನೆಯ ಸಮಾರಂಭ ಶುರುವಾಯಿತು. ಕಚೇರಿಯೆಲ್ಲ ಗಪ್ಪಾಯಿತು. ಬಟ್ಟೆ ಸುತ್ತಿದ ಪೆಟ್ಟಿಗೆಗಳನ್ನು ಹೊತ್ತು ಒಬ್ಬೊಬ್ಬರೇ ಬಂದು ಹೊಸ ಚಕ್ರವರ್ತಿಯ ಎದುರಿನ ಮೇಜಿನ ಮೇಲಿಟ್ಟರು. ಕತ್ತಿ, ಮಣಿ, ಜೊತೆಗೆ ರಾಜ್ಯದ ಮುದ್ರೆ. ಅಷ್ಟೇ. ಇಷ್ಟು ದಿನದ ಗದ್ದಲಕ್ಕೆ ಕಾರಣವಾದದ್ದು ಕೆಲವೇ ನಿಮಿಷಗಳಲ್ಲಿ, ಒಂದು ಮಾತೂ ಇಲ್ಲದೆ ಮುಗಿದುಹೋಯಿತು.

ನನಗೆ ಏನೋ ಕೊರತೆ ಕಂಡಿತು. "ಅವರ ಹೆಂಡತಿ ಎಲ್ಲಿ?" ಎಂದು ಕೇಳಿದೆ.

"ಈ ಭಾಗಕ್ಕೆ ಮನೆತನದ ಹೆಂಗಸರು ಬರೋ ಹಾಗಿಲ್ಲ" ಎಂದರು ಓಕುಬೋ-ಸಾನ್. "ಅವರು ಆ ರೂಮಿನಲ್ಲಿ ಇರೋದಿಲ್ಲ."

ಟಿವಿಯನ್ನೇ ನೋಡುತ್ತ, ಕಸ ಇಡುವ ದಿನಗಳನ್ನು ನನಗೆ ಕಲಿಸಿದ್ದ ಅದೇ ನಿಧಾನದ ದನಿಯಲ್ಲಿ ಹೇಳಿದರು. "ನಾನೂ ಇರಲಿಲ್ಲ. ನನ್ನ ಮೊದಲನೇ ಮದುವೆ ಅರ್ಜಿ ಬರೆದದ್ದು ನಮ್ಮ ತಂದೆ ಮತ್ತೆ ನಮ್ಮ ಮಾವ. ಮುಂದಿನ ರೂಮಿನಲ್ಲಿ ಕೂತು. ನನ್ನ ಮುದ್ರೆಯನ್ನೂ ತಂದೆಯೇ ಒತ್ತಿದರು. ನಾನು ಅಡಿಗೆಮನೆಯಲ್ಲಿ ಮೂಲಂಗಿ ಹೆರೀತಿದ್ದೆ. ಆ ಕಾಗದ ಹೇಗಿತ್ತು ಅಂತ ಇವತ್ತಿಗೂ ನಾನು ನೋಡಿಲ್ಲ. ಮೂರು ದಿನ ಬಿಟ್ಟು ಪೋಸ್ಟಿನವನು ಬಾಗಿಲಲ್ಲಿ ನಿಂತು ಓಕುಬೋ-ಸಾನ್, ಓಕುಬೋ-ಸಾನ್ ಅಂತ ಕೂಗಿದ. ಯಾರನ್ನೋ ಕರೀತಿದ್ದಾನೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಓಹೋ, ನನಗೆ ಮದುವೆಯಾಗಿದೆ."

ನಿಶಿದಾ-ಸಾನ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುವುದು ನಿಲ್ಲಿಸಿದರು. ಅವರಿಗೂ ಇದು ಹೊಸದೆಂದು ತೋರಿತು.

"ಅವರು ಒಳ್ಳೆಯವರೇ" ಎಂದು ಸೇರಿಸಿದರು ಓಕುಬೋ-ಸಾನ್, ತೀರಿಕೊಂಡವರಿಗೆ ಕೇಳಿಸಿದರೆ ಬೇಜಾರಾದೀತೆಂಬ ಹಾಗೆ. "ಆದರೆ ಈ ಸಲ ದಿನ ನಾನೇ ಹುಡುಕಿದೆ. ಯಾರೂ ಇನ್ನೂ ಬಳಸದೇ ಇರೋ ದಿನ. ಸಾಕ್ಷಿಗಳನ್ನೂ ನಾನೇ ಆರಿಸಿದೆ."

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಹೊಸ ಯುಗ ಬಂದರೆ ಎಲ್ಲ ಬದಲಾಗುತ್ತದೆ ಎಂದು ಜನ ನಂಬುವುದನ್ನು ನೋಡಿ ಅಲ್ಲಿಯವರೆಗೆ ನಾನು ಒಳಗೊಳಗೇ ನಗುತ್ತಿದ್ದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹೆಸರು ಬದಲಾದರೆ ಬಾಳು ಬದಲಾಗುತ್ತದೆಯೇ ಎಂದು. ಆದರೆ ಇವರು ಹಾಗೇನೂ ನಂಬಿದವರಲ್ಲ. ಅರಮನೆಯಿಂದ ಅವರಿಗೆ ಬೇಕಾಗಿದ್ದದ್ದು ಒಂದು ತಾರೀಖು ಮಾತ್ರ, ಉಳಿದದ್ದನ್ನೆಲ್ಲ ತಾವೇ ಹೊಂದಿಸಿಕೊಂಡು ಬಂದಿದ್ದರು. ಅದರ ಮೇಲೆ ನಾನು ಹೋಗಿ ಬೊಟ್ಟು ಇಟ್ಟಿದ್ದೆ.

ಒಳಗಿನಿಂದ ಗುಮಾಸ್ತನ ಜೊತೆ ಒಬ್ಬ ಹಿರಿಯ ಅಧಿಕಾರಿ ಬಂದರು. ತಲೆ ಪೂರ್ತಿ ನರೆತವರು. ಅರ್ಜಿಯನ್ನು ಕೌಂಟರಿನ ಮೇಲೆ ಹರಡಿ, ಎಂಟು ಕಲೆಗಳನ್ನೂ ಒಂದೊಂದಾಗಿ ಪೆನ್ನಿನ ತುದಿಯಿಂದ ತೋರಿಸುತ್ತ ಹೋದರು.

"ಅಂಚಿನಲ್ಲಿ ಬಣ್ಣ ಇರಬಾರದು ಅಂತ ನಿಯಮ ಇಲ್ಲ" ಎಂದರು. "ಸಾಕ್ಷಿಗಳ ಸಹಿ ಓದಲು ಬರುತ್ತದೆ, ಅದು ಸಾಕು. ಹೆಂಡತಿಯ ಮುದ್ರೆ ಮಾತ್ರ ಆಗುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸಲ ಒತ್ತಬೇಕಾಗುತ್ತದೆ, ಈಗಲೇ, ನನ್ನೆದುರಿಗೆ. ತಂದಿದ್ದೀರಾ?"

ಓಕುಬೋ-ಸಾನ್ ಆಗಲೇ ಚೀಲ ಬಿಚ್ಚಿದ್ದರು.

ಅಧಿಕಾರಿ ಅವರ ಗುರುತಿನ ಚೀಟಿ ನೋಡಿ, ಮುಖ ನೋಡಿ, ಕಚೇರಿಗಳಲ್ಲಿ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಸ್ವತಃ ತಾವೇನಾ?"

ನಾನೂ ಆ ಪ್ರಶ್ನೆಗೆ ಎಷ್ಟೋ ಸಲ ತಲೆಯಾಡಿಸಿ ಮುಂದೆ ಹೋದವಳು. ಓಕುಬೋ-ಸಾನ್ ತಲೆಯಾಡಿಸಲಿಲ್ಲ. ಮುದ್ರೆಗೆ ಉಸಿರು ಊದಿ, ಶಾಯಿಗೆ ಮುಟ್ಟಿಸಿ, ಹಾಳೆಯ ಮೇಲಿಟ್ಟು, ಎಡಗೈಯನ್ನು ಬಲಗೈಯ ಮೇಲಿರಿಸಿ ಒತ್ತಿ ಹಿಡಿದರು. ಒತ್ತಿ ಹಿಡಿದುಕೊಂಡೇ ಮುಖವೆತ್ತಿ, ಟಿವಿ ನೋಡುತ್ತಿದ್ದ ಸಾಲಿನ ಜನವೆಲ್ಲ ನಮ್ಮತ್ತ ತಿರುಗುವಷ್ಟು ಗಟ್ಟಿಯಾಗಿ ಹೇಳಿದರು.

"ಹೌದು. ನಾನೇ."